ಕ್ಲೈಬ್ಯವೂ ವಾಜೀಕರಣವೂ: ಕನ್ನಡ ನಾಡಿನ ವೈದ್ಯ ಮತ್ತು ಧರ್ಮಶಾಸ್ತ್ರ ಪರಂಪರೆಯಲ್ಲಿ ಒಂದು ವಿವೇಚನೆ

೧

ಹೊಣಕೆರೆ, ನಾಗಮಂಗಲಗಳಂಥ ಬೆದ್ದಲು ಸೀಮೆಗಳಲ್ಲಿ ಹೊಲದ ಬದುವಿನ ಮೇಲೆ ಹರಡುವ ನೆಗ್ಗಿಲುಮುಳ್ಳನ್ನೂ ಬೇಲಿಗೆ ಹಬ್ಬುವ ನಸುಗುನ್ನಿಯನ್ನೂ ಅರಿಯದ ಬೇಸಾಯಗಾರನು ವಿರಳ. ಮೊದಲನೆಯದು ಕಾಲಿಗೆ ಚುಚ್ಚುವ ಕಳೆ. ಎರಡನೆಯದು ಮೈಗೆ ಸೋಕಿದರೆ ತುರಿಕೆಯನ್ನೆಬ್ಬಿಸುವ ಬಳ್ಳಿ. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಗೋಕ್ಷುರ, ಆತ್ಮಗುಪ್ತಾ ಎಂಬ ಹೆಸರುಗಳಿಂದ ಪುರುಷಶಕ್ತಿಯನ್ನು ಹೆಚ್ಚಿಸುವ ದ್ರವ್ಯಗಳಾಗಿ ಪ್ರಸಿದ್ಧವಾಗಿರುವುವು ಇವೇ. ಹಿರೇಮದ್ದಿನ ಬೇರು, ಹಲವುಮಕ್ಕಳ ತಾಯಿಬೇರು, ಉದ್ದು, ಹಾಲು, ತುಪ್ಪ ಇವುಗಳೂ ಅದೇ ವರ್ಗಕ್ಕೆ ಸೇರಿದುವು. ಹೀಗೆ ಮದ್ದಿನ ಹೆಸರು ಜನರ ನಾಲಗೆಯಲ್ಲಿ ಇಂದಿಗೂ ಉಳಿದಿದೆ. ಆದರೆ ಆ ಮದ್ದು ಯಾವ ರೋಗಕ್ಕೆ, ಆ ರೋಗಕ್ಕೆ ಕಾರಣವೇನು, ಕಾರಣಭೇದದಿಂದ ಚಿಕಿತ್ಸೆ ಹೇಗೆ ಭಿನ್ನವಾಗುವುದು ಎಂಬ ನಿದಾನದ ಭಾಗವು ಮರವೆಗೆ ಸಂದಿದೆ. ಮರವೆಯ ಜಾಗವನ್ನು ನಾಚಿಕೆಯೂ ಜಾಹೀರಾತೂ ಆಕ್ರಮಿಸಿವೆ.

ಪುರುಷನ ಜನನೇಂದ್ರಿಯವು ಸಮಯಕ್ಕೆ ಉತ್ಥಾನ ಹೊಂದದಿರುವುದು, ಅಥವಾ ಹೊಂದಿದರೂ ಬೇಕಾದಷ್ಟು ಕಾಲ ನಿಲ್ಲದಿರುವುದು, ಪ್ರಾಚೀನರಿಗೆ ತಿಳಿಯದ ವಿಷಯವೇನಲ್ಲ. ಅವರು ಅದನ್ನು ಮರೆಮಾಚಲೂ ಇಲ್ಲ; ವೈದ್ಯರೂ ಧರ್ಮಶಾಸ್ತ್ರಕಾರರೂ ಅದನ್ನು ವಿಂಗಡಿಸಿ ವಿಚಾರಿಸಿದ್ದಾರೆ. ಆ ವಿಂಗಡಣೆಯಲ್ಲಿ ಇಂದಿಗೂ ಸಲ್ಲುವ ಅಂಶ ಯಾವುದು, ಬಿಡತಕ್ಕ ಅಂಶ ಯಾವುದು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಬ್ದವಿಚಾರ. ಕ್ಲೀಬ, ಷಂಡ, ನಪುಂಸಕ, ಪೇಡಿ ಎಂಬ ನಾಲ್ಕು ಮಾತುಗಳು ಕನ್ನಡ ಕಾವ್ಯಗಳಲ್ಲಿಯೂ ಅವುಗಳ ಟೀಕೆಗಳಲ್ಲಿಯೂ ಒಂದರ ಬದಲು ಒಂದು ಬಂದಿರುವುದುಂಟು. ಅವುಗಳ ಅರ್ಥವ್ಯಾಪ್ತಿ ಮಾತ್ರ ಒಂದೇ ಅಲ್ಲ. ಹುಟ್ಟಿನಿಂದಲೇ ಸ್ತ್ರೀಪುರುಷಲಕ್ಷಣಗಳೆರಡರಲ್ಲಿಯೂ ಸೇರದವರು ಒಂದು ವರ್ಗ. ಬೀಜಚ್ಛೇದಕ್ಕೆ ಒಳಗಾದವರು ಇನ್ನೊಂದು. ವಿರಾಟನಗರಿಯ ಬೃಹನ್ನಳೆಯಂತೆ ವೇಷದಿಂದಲೂ ಶಾಪದಿಂದಲೂ ಹಾಗೆ ಕರೆಯಿಸಿಕೊಂಡವರು ಮತ್ತೊಂದು. ಪೂರ್ಣಾಂಗನಾಗಿದ್ದೂ ವ್ಯಾಧಿಯಿಂದ ಉತ್ಥಾನಶಕ್ತಿಯನ್ನು ಕಳೆದುಕೊಂಡವನು ಕಡೆಯವನು. ಇವರೆಲ್ಲರೂ ಒಂದೇ ಹೆಸರಿನಿಂದ ಕರೆಯಲ್ಪಟ್ಟುದರಿಂದ ರೋಗಿಯಾದವನಿಗೆ ಅನ್ಯಾಯವಾಯಿತು. ಅವನ ಸ್ಥಿತಿ ರೋಗವೆನಿಸದೆ ಸ್ವಭಾವವೆನಿಸಿತು.

ಇದಕ್ಕೆ ಮತ್ತೊಂದು ಗೊಂದಲ ಸೇರಿತು. ಭಗವದ್ಗೀತೆಯ ಎರಡನೆಯ ಅಧ್ಯಾಯದ ಮೂರನೆಯ ಶ್ಲೋಕದಲ್ಲಿ ಕೃಷ್ಣನು ಅರ್ಜುನನ ಎದೆಗೇಡಿತನವನ್ನು ಕ್ಲೈಬ್ಯವೆಂಬ ಶಬ್ದದಿಂದಲೇ ಸೂಚಿಸುತ್ತಾನೆ. ಅಲ್ಲಿ ಅದು ಲಾಕ್ಷಣಿಕ ಪ್ರಯೋಗ. ಲಕ್ಷಣೆಯು ರೂಢಿಯಾದಂತೆ, ದೇಹದ ಒಂದು ಕ್ರಿಯೆ ಕುಂದುವುದೂ ಧೈರ್ಯ ಕುಂದುವುದೂ ಒಂದೇ ಎಂಬ ಭಾವನೆ ಬೆಳೆಯಿತು. ಕೆಮ್ಮು ಬಂದವನನ್ನು ಯಾರೂ ಹೇಡಿಯೆನ್ನರು. ಈ ರೋಗ ಬಂದವನಿಗೆ ಮಾತ್ರ ಆ ಬೈಗುಳು ತಪ್ಪಲಿಲ್ಲ. ೧೯೯೨ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ವೈದ್ಯರ ಸಮಾಲೋಚನೆಯಲ್ಲಿ, ಇಂಗ್ಲಿಷಿನಲ್ಲಿ ಶಕ್ತಿಹೀನತೆಯೆಂಬರ್ಥ ಕೊಡುತ್ತಿದ್ದ ಹಳೆಯ ಮಾತನ್ನು ಬಿಟ್ಟು, ಉತ್ಥಾನಕ್ರಿಯೆಯ ದೋಷವೆಂದು ಮಾತ್ರ ಹೇಳುವ ಹೆಸರನ್ನು ಬಳಸಬೇಕೆಂದು ಸೂಚಿಸಿದುದಕ್ಕೆ ಇಂಥ ಅಪಾರ್ಥವೇ ಕಾರಣ.

೩

ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವು ಒಂದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯವು ನಾಲ್ಕು ಪಾದಗಳಾಗಿ ಇದನ್ನೇ ವಿವರಿಸುತ್ತದೆ. ಆದರೆ ಈ ಅಧ್ಯಾಯವು ಮುಖ್ಯವಾಗಿ ಆರೋಗ್ಯವಂತನಿಗೆ ಹೇಳಿದುದು. ಆತ್ಮಸಂಯಮವುಳ್ಳ ಪುರುಷನು ಸಂತತಿಗಾಗಿಯೂ ಪ್ರೀತಿಗಾಗಿಯೂ ವೃಷ್ಯದ್ರವ್ಯಗಳನ್ನು ಸೇವಿಸಬೇಕೆಂಬುದು ಅಲ್ಲಿಯ ಮತ. ಅದಕ್ಕೆ ಮೊದಲು ದೇಹಶುದ್ಧಿಯಾಗಬೇಕು. ಹದಿನಾರು ವರ್ಷದೊಳಗಣವರಿಗೂ ಎಪ್ಪತ್ತು ಮೀರಿದವರಿಗೂ ಇದು ಹೇಳಿದುದಲ್ಲ. ಎಲ್ಲ ವಾಜೀಕರಣಗಳಲ್ಲಿಯೂ ಶ್ರೇಷ್ಠವಾದುದು ಮನಸ್ಸಿಗೆ ಹರ್ಷವನ್ನುಂಟುಮಾಡುವ ಸ್ತ್ರೀಯೇ ಎಂದು ಗ್ರಂಥಕಾರನು ಆರಂಭದಲ್ಲಿಯೇ ಹೇಳಿರುವುದು ಗಮನಾರ್ಹ.

ರೋಗಿಯ ವಿಚಾರ ಬರುವುದು ಬೇರೆ ಎಡೆಯಲ್ಲಿ, ಅದೇ ಸ್ಥಾನದ ಮೂವತ್ತನೆಯ ಅಧ್ಯಾಯದಲ್ಲಿ. ಇದು ದೃಢಬಲನು ಪೂರ್ತಿಮಾಡಿದ ಭಾಗಕ್ಕೆ ಸೇರಿದುದು. ಅಲ್ಲಿ ಕ್ಲೈಬ್ಯವು ನಾಲ್ಕು ಬಗೆ: ಬೀಜೋಪಘಾತದಿಂದಾದುದು, ಧ್ವಜಭಂಗದಿಂದಾದುದು, ಮುಪ್ಪಿನಿಂದಾದುದು, ಶುಕ್ರಕ್ಷಯದಿಂದಾದುದು. ಕಾರಣಗಳ ಪಟ್ಟಿಯಲ್ಲಿ ಕೆಟ್ಟ ಆಹಾರ, ಅಜೀರ್ಣ, ಇಂದ್ರಿಯದ ಗಾಯ ಮತ್ತು ವ್ರಣಗಳ ಜೊತೆಗೆ ಶೋಕ, ಚಿಂತೆ, ಭಯಗಳನ್ನೂ ಎಣಿಸಿದ್ದಾನೆ. ಅಂಗಚ್ಛೇದವಾದಲ್ಲಿ ಚಿಕಿತ್ಸೆ ಫಲಿಸದೆಂಬ ಮತವನ್ನೂ ಮುಚ್ಚಿಡದೆ ಹೇಳುತ್ತಾನೆ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಕ್ಲೈಬ್ಯಕ್ಕೆ ಆರು ಭೇದಗಳಿವೆ. ಮೊದಲನೆಯದು ಮಾನಸ. ಅಪ್ರಿಯವಾದ ಭಾವಗಳಿಂದಲೋ ಮನಸ್ಸೊಪ್ಪದ ಸಂಗಾತಿಯಿಂದಲೋ ಮನಸ್ಸು ಕುಂದಿದಾಗ ಇಂದ್ರಿಯವೂ ಕುಂದುವುದೆಂದು ಅದರ ಲಕ್ಷಣ. ಅತಿಯಾದ ಖಾರ ಹುಳಿ ಉಪ್ಪುಗಳ ಸೇವನೆ, ಅತಿವ್ಯವಾಯ, ಇಂದ್ರಿಯದ ರೋಗ ಅಥವಾ ಮರ್ಮಚ್ಛೇದ, ಹುಟ್ಟುದೋಷ, ಬಲಾತ್ಕಾರದ ನಿರೋಧ ಇವು ಉಳಿದವಕ್ಕೆ ಕಾರಣ. ಹುಟ್ಟಿನಿಂದ ಬಂದುದೂ ಮರ್ಮಚ್ಛೇದದಿಂದಾದುದೂ ಅಸಾಧ್ಯ, ಮಿಕ್ಕುವು ಸಾಧ್ಯ.

ಇದರಿಂದ ಸಿದ್ಧವಾಗುವುದಿಷ್ಟು. ವಾಜೀಕರಣವೇ ಬೇರೆ, ಕ್ಲೈಬ್ಯಚಿಕಿತ್ಸೆಯೇ ಬೇರೆ. ಮೊದಲನೆಯದು ಬಲವರ್ಧನ, ಎರಡನೆಯದು ಕಾರಣವನ್ನು ಶೋಧಿಸಿ ಅದಕ್ಕೆ ತಕ್ಕ ಪ್ರತೀಕಾರ ಮಾಡುವುದು. ಮೂಲದಲ್ಲಿ ಸ್ಪಷ್ಟವಾಗಿದ್ದ ಈ ಭೇದವು ಮುಂದೆ ಯೋಗಗಳ ಸಂಗ್ರಹಗಳಲ್ಲಿ ಮಸಕಾಯಿತು. ಲೇಹ್ಯದ ಹೆಸರೂ ಅಳತೆಯೂ ಉಳಿದು, ಅದನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದು ಹಿಂದೆ ಸರಿಯಿತು.

೪

ಕನ್ನಡದಲ್ಲಿ ಈ ವಿಷಯಕ್ಕೆ ಸಂಬಂಧಪಟ್ಟ ಗ್ರಂಥಗಳು ಎರಡು ಧಾರೆಗಳಾಗಿ ಹರಿದಿವೆ: ಕಾಮಶಾಸ್ತ್ರದ್ದೊಂದು, ವೈದ್ಯದ್ದೊಂದು. ಈ ಕವಿಗಳ ಪರಿಚಯವು ಆಧುನಿಕ ವಾಚಕರಿಗೆ ಆದುದು ಬಹುಮಟ್ಟಿಗೆ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯಿಂದ. ಅದರ ಮೊದಲ ಸಂಪುಟವು ೧೯೦೭ರಲ್ಲಿ ಹೊರಬಂದಿತು.

ಚಾಲುಕ್ಯ ಎರಡನೆಯ ಜಯಸಿಂಹನ ಸಾಮಂತನಾಗಿದ್ದ ಮಾಚಿರಾಜನ ಆಶ್ರಯದಲ್ಲಿ ಚಂದ್ರರಾಜನು ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದ ಮದನತಿಲಕವು ಕನ್ನಡದಲ್ಲಿ ದೊರೆತಿರುವ ಕಾಮಶಾಸ್ತ್ರಗ್ರಂಥಗಳಲ್ಲಿ ಮೊದಲನೆಯದು. ಸುಮಾರು ೧೪೫೦ರಲ್ಲಿ ಕಲ್ಲರಸನು ಕೊಕ್ಕೋಕನ ರತಿರಹಸ್ಯವನ್ನು ಅನುಸರಿಸಿ ಜನವಶ್ಯವನ್ನು ರಚಿಸಿದನು. ಇವೆರಡಕ್ಕೂ ಸಮಾನವಾದ ಒಂದು ಅಂಶವುಂಟು. ಮದನತಿಲಕದಲ್ಲಿ ಆಶ್ರಯದಾತನೂ ಆತನ ಪತ್ನಿಯೂ, ಜನವಶ್ಯದಲ್ಲಿ ಕವಿಯೂ ಆತನ ಪತ್ನಿಯೂ ಸಂಭಾಷಿಸುತ್ತಾರೆ. ದಾಂಪತ್ಯದ ಈ ವಿಷಯವನ್ನು ಗಂಡನು ಹೆಂಡತಿಯೊಡನೆ ಮಾತನಾಡತಕ್ಕುದೆಂಬುದು ಆ ಕಾಲದ ಗ್ರಂಥರಚನೆಯ ಕ್ರಮದಲ್ಲಿಯೇ ಅಡಗಿದೆ. ಇಂದು ವೈದ್ಯರು ಸಾಧ್ಯವಾದೆಡೆ ದಂಪತಿಗಳಿಬ್ಬರನ್ನೂ ಕೂರಿಸಿ ವಿಚಾರಿಸುವುದುಂಟು. ಮನೆಯ ಮೌನವೇ ರೋಗವನ್ನು ಬೆಳೆಸುವುದರಿಂದ ಹಳೆಯ ಸಂಭಾಷಣಕ್ರಮವನ್ನು ಬರಿಯ ಕವಿಸಮಯವೆಂದು ತಳ್ಳಿಹಾಕಲಾಗದು.

ವೈದ್ಯಧಾರೆಯಲ್ಲಿ ಜೈನರ ಪಾತ್ರ ಹಿರಿದು. ನಾಗಮಂಗಲದ ತಾಲ್ಲೂಕಿನಲ್ಲಿಯೇ ಕಂಬದಹಳ್ಳಿಯ ಪಂಚಕೂಟ ಬಸದಿ ಗಂಗರ ಕಾಲದಿಂದ ನಿಂತಿದೆ. ಈ ಸೀಮೆಯಲ್ಲಿ ಜೈನಸಂಸ್ಕೃತಿ ಎಷ್ಟು ಬೇರೂರಿತ್ತೆಂಬುದಕ್ಕೆ ಅದೇ ಸಾಕ್ಷಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ಬರೆದು, ಔಷಧದಲ್ಲಿ ಮಾಂಸವು ಅನಗತ್ಯವೆಂದು ವಾದಿಸಿದನು. ಪೂಜ್ಯಪಾದರ ಹೆಸರಿನ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥನು ಸುಮಾರು ೧೧೫೦ರಲ್ಲಿ ಕನ್ನಡಕ್ಕೆ ತಂದನು. ಅದೇ ಕರ್ಣಾಟಕ ಕಲ್ಯಾಣಕಾರಕ. ಇದರ ಚಿಕಿತ್ಸೆಯಲ್ಲಿ ಮದ್ಯಮಾಂಸಗಳಿಗೆ ಎಡೆಯಿಲ್ಲ.

ಪ್ರಕೃತ ವಿಷಯಕ್ಕೆ ಇದರ ಮಹತ್ತ್ವ ಹೀಗೆ: ಚರಕನ ವಾಜೀಕರಣಯೋಗಗಳಲ್ಲಿ ಹಾಲು, ತುಪ್ಪ, ಉದ್ದುಗಳ ಜೊತೆಗೆ ಗುಬ್ಬಿ, ಕೋಳಿ, ನವಿಲುಗಳ ಮಾಂಸವೂ ಮೊಸಳೆಯ ಮೊಟ್ಟೆಯೂ ಸೇರಿವೆ. ಪ್ರಾಣಿಯ ಬಲವು ತಿಂದವನಿಗೆ ಬರುವುದೆಂಬ ನಂಬಿಕೆಯು ಇಂಥ ಯೋಗಗಳಿಗೆ ಬಲ ಕೊಟ್ಟಿತು. ಅಹಿಂಸಾಧರ್ಮದಿಂದ ಪ್ರೇರಿತರಾಗಿಯೇ ಆಗಲಿ, ಜೈನವೈದ್ಯರು ಆ ಮಾರ್ಗವನ್ನು ಬಿಟ್ಟು ಸಸ್ಯ ಮತ್ತು ಪಥ್ಯಗಳ ಕಡೆ ತಿರುಗಿದರು. ಉಡದ ಎಣ್ಣೆಯ ಹೆಸರಿನಿಂದ ಇಂದಿಗೂ ಪ್ರಾಣಿಹಿಂಸೆ ನಡೆಯುತ್ತಿರುವಲ್ಲಿ ಆ ನಿಲುವಿನ ಬೆಲೆ ತಗ್ಗಿಲ್ಲ.

೫

ವೈದ್ಯನಿಗೆ ಇದು ರೋಗ. ಧರ್ಮಶಾಸ್ತ್ರಕಾರನಿಗೆ ಇದು ಹಕ್ಕಿನ ಪ್ರಶ್ನೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ರಾಜಧಾನಿಯಾದ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಟೀಕೆಯನ್ನು ಬರೆದನು. ಮದುವೆಯ ಮುನ್ನ ವರನ ಪುಂಸ್ತ್ವವನ್ನು ಯತ್ನಪೂರ್ವಕವಾಗಿ ಪರೀಕ್ಷಿಸಬೇಕೆಂದು ಸ್ಮೃತಿಯ ಆಚಾರಾಧ್ಯಾಯದಲ್ಲಿದೆ. ನಾರದಸ್ಮೃತಿಯು ಕ್ಲೈಬ್ಯವನ್ನು ಹದಿನಾಲ್ಕು ಬಗೆಯಾಗಿ ಎಣಿಸಿ, ಸಾಧ್ಯಾಸಾಧ್ಯಗಳನ್ನು ಬೇರ್ಪಡಿಸಿ, ವ್ಯಾಧಿಯಿಂದಾದುದಕ್ಕೆ ಒಂದು ವರ್ಷ ಕಾಯಬೇಕೆನ್ನುತ್ತದೆ. ಗುಣವಾಗದ ಪತಿಯನ್ನು ಬಿಟ್ಟು ಸ್ತ್ರೀಯು ಬೇರೆ ಪತಿಯನ್ನು ಪಡೆಯಬಹುದಾದ ಐದು ಆಪತ್ತುಗಳಲ್ಲಿ ಅದು ಕ್ಲೈಬ್ಯವನ್ನೂ ಸೇರಿಸಿದೆ. ರೋಗಿಗೆ ಅವಕಾಶ, ಹೆಂಡತಿಗೆ ಬಿಡುಗಡೆ ಎಂಬ ಎರಡೂ ನ್ಯಾಯಗಳು ಅಲ್ಲಿ ಒಟ್ಟಿಗಿವೆ.

ದಾಯಭಾಗದ ಪ್ರಕರಣದಲ್ಲಿ ಸ್ಮೃತಿಯು ಕಠೋರವಾಗಿದೆ. ಕ್ಲೀಬ, ಪತಿತ, ಕುಂಟ, ಹುಚ್ಚ, ಕುರುಡ, ಅಚಿಕಿತ್ಸ್ಯ ರೋಗಿ ಮುಂತಾದವರು ಪಾಲಿಗೆ ಅನರ್ಹರು. ಅವರಿಗೆ ಅನ್ನವಸ್ತ್ರ ಮಾತ್ರ. ಇಲ್ಲಿ ಕ್ಲೀಬನೆಂದರೆ ತೃತೀಯಪ್ರಕೃತಿಯವನೆಂದು ವಿಜ್ಞಾನೇಶ್ವರನು ಅರ್ಥ ಮಾಡುತ್ತಾನೆ. ಆದುದರಿಂದ ವೈದ್ಯರ ಕ್ಲೈಬ್ಯವೂ ಇದೂ ಪೂರ್ತಿ ಒಂದೇ ಎಂದು ಹೇಳುವುದು ಸಾಧುವಾಗದು. ಆದರೂ ಟೀಕಾಕಾರನು ಇಡೀ ಪಟ್ಟಿಗೆ ಅನ್ವಯಿಸುವಂತೆ ಎರಡು ನಿಬಂಧನೆಗಳನ್ನು ಹೇಳಿದ್ದಾನೆ. ದೋಷವು ವಿಭಾಗಕ್ಕೆ ಮುಂಚೆ ಇದ್ದರೆ ಮಾತ್ರ ಪಾಲು ತಪ್ಪುವುದು; ಪಾಲು ಪಡೆದವನಿಗೆ ಆಮೇಲೆ ದೋಷ ಬಂದರೆ ಅದನ್ನು ಕಿತ್ತುಕೊಳ್ಳುವಂತಿಲ್ಲ. ವಿಭಾಗವಾದ ಮೇಲೆಯೂ ಔಷಧಾದಿಗಳಿಂದ ದೋಷವು ನಿವಾರಣೆಯಾದರೆ, ವಿಭಾಗಾನಂತರ ಹುಟ್ಟಿದ ಮಗನಂತೆ ಅವನಿಗೂ ಭಾಗವುಂಟು. ಹೀಗೆ ಮದ್ದಿನ ಫಲವು ಆಸ್ತಿಯ ಹಕ್ಕನ್ನು ಹಿಂದಿರುಗಿಸಬಲ್ಲುದೆಂದು ಕನ್ನಡ ನಾಡಿನ ರಾಜಧಾನಿಯಲ್ಲಿ ಕುಳಿತ ಶಾಸ್ತ್ರಜ್ಞನು ಒಂಬೈನೂರು ವರ್ಷಗಳ ಹಿಂದೆ ಬರೆದಿಟ್ಟನು. ದೋಷವೆಂಬುದು ವ್ಯಕ್ತಿಯ ಮೇಲೆ ಅಳಿಯದಂತೆ ಒತ್ತಿದ ಮುದ್ರೆಯಲ್ಲವೆಂಬುದು ಇದರ ತಾತ್ಪರ್ಯ.

೧೮೧೦ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರದ ದಾಯಪ್ರಕರಣವನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಅದು ಬ್ರಿಟಿಷ್ ಭಾರತದ ನ್ಯಾಯಾಲಯಗಳಲ್ಲಿ ಪ್ರಮಾಣವಾಯಿತು. ಹುಟ್ಟು ಹುಚ್ಚು ಮತ್ತು ಬುದ್ಧಿಮಾಂದ್ಯಗಳ ಹೊರತು ಉಳಿದ ಅನರ್ಹತೆಗಳನ್ನು ೧೯೨೮ರ ಶಾಸನವು ತೆಗೆದುಹಾಕಿತು. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನದ ೨೮ನೆಯ ಪ್ರಕರಣವು ರೋಗ ಅಥವಾ ಅಂಗವೈಕಲ್ಯದ ಕಾರಣದಿಂದ ಯಾರೂ ಅನರ್ಹರಲ್ಲವೆಂದಿತು. ವಿವಾಹವಿಷಯದಲ್ಲಿ ಮಾತ್ರ ೧೯೫೫ರ ಹಿಂದೂ ವಿವಾಹ ಶಾಸನದ ೧೨ನೆಯ ಪ್ರಕರಣವು, ೧೯೭೬ರ ತಿದ್ದುಪಡಿಯ ಮೇರೆಗೆ, ನಪುಂಸಕತ್ವದಿಂದ ದಾಂಪತ್ಯವು ಸಿದ್ಧಿಸದಿದ್ದಲ್ಲಿ ರದ್ದತಿಯನ್ನು ಕೋರಲು ಅವಕಾಶವಿತ್ತಿದೆ.

೬

ನಿದಾನದಲ್ಲಿ ಪ್ರಾಚೀನರು ಸೂಕ್ಷ್ಮದರ್ಶಿಗಳಾದರೂ ಉತ್ಥಾನವು ಹೇಗೆ ನಡೆಯುವುದೆಂಬುದರಲ್ಲಿ ಅವರ ಊಹೆ ತಪ್ಪಿತ್ತು. ಆಯುರ್ವೇದಕ್ಕೆ ಶುಕ್ರಧಾತುವೇ ಪುರುಷಶಕ್ತಿಯ ಮೂಲ. ಗ್ರೀಕರ ಗ್ಯಾಲೆನನಿಗೆ ವಾಯುವಿನಿಂದ ಅಂಗವು ಉಬ್ಬುವುದು. ಆತನನ್ನು ಅನುಸರಿಸಿದ ಯೂನಾನಿ ವೈದ್ಯವೂ ವಾಯುವನ್ನೇ ಹೇಳಿತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಪುಸ್ತಕಭಂಡಾರದಲ್ಲಿ ವೈದ್ಯಗ್ರಂಥಗಳ ಒಂದು ವರ್ಗವೇ ಇದ್ದಿತೆಂಬುದು ಚಾರ್ಲ್ಸ್ ಸ್ಟುವರ್ಟನು ೧೮೦೯ರಲ್ಲಿ ಪ್ರಕಟಿಸಿದ ಪಟ್ಟಿಯಿಂದ ತಿಳಿಯುತ್ತದೆ. ಹೀಗೆ ಈ ಸೀಮೆಯಲ್ಲಿ ಎರಡು ವೈದ್ಯಪದ್ಧತಿಗಳೂ ಪಕ್ಕಪಕ್ಕದಲ್ಲಿ ಬಳಕೆಯಲ್ಲಿದ್ದುವು.

ಗಲ್ಲಿಗೇರಿಸಿದವರ ದೇಹಗಳನ್ನು ನೋಡಿ, ಅಂಗವು ತುಂಬುವುದು ರಕ್ತದಿಂದಲೆಂದು ಲಿಯೊನಾರ್ಡೊ ದ ವಿಂಚಿಯು ತನ್ನ ಟಿಪ್ಪಣಿಗಳಲ್ಲಿ ಗುರುತಿಸಿದನು. ೧೬೬೮ರಲ್ಲಿ ಹಾಲೆಂಡಿನ ದ ಗ್ರಾಫನು ಶವದ ರಕ್ತನಾಳಗಳಿಗೆ ದ್ರವವನ್ನು ಹಾಯಿಸಿ ಉತ್ಥಾನವನ್ನು ತೋರಿಸಿದನು. ೧೮೬೩ರಲ್ಲಿ ಎಕ್‌ಹಾರ್ಡನು ನಾಯಿಗಳಲ್ಲಿ ಬೆನ್ನುಹುರಿಯ ಕೆಳಭಾಗದಿಂದ ಹೊರಡುವ ನರಗಳನ್ನು ಉದ್ದೀಪಿಸಿ ಅದೇ ಫಲವನ್ನು ಕಂಡನು. ಇಂದು ತಿಳಿದಿರುವ ಕ್ರಮ ಹೀಗಿದೆ: ಮನಸ್ಸಿನ ಪ್ರಚೋದನೆಯಿಂದಾಗಲಿ ಸ್ಪರ್ಶದಿಂದಾಗಲಿ ನರಗಳು ಎಚ್ಚೆತ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲರೂಪದ ಸಂದೇಶವಾಹಕವನ್ನು ಬಿಡುಗಡೆ ಮಾಡುತ್ತವೆ, ಅದರಿಂದ ಅಂಗದೊಳಗಿನ ನುಣುಪು ಸ್ನಾಯುಗಳು ಸಡಿಲಗೊಂಡು ಧಮನಿಗಳು ಅಗಲವಾಗಿ ರಕ್ತವು ನುಗ್ಗುತ್ತದೆ, ತುಂಬಿದ ಅಂಗಾಂಶವು ಸಿರೆಗಳನ್ನು ಒತ್ತಿ ರಕ್ತವು ಹಿಂದಿರುಗದಂತೆ ತಡೆಯುತ್ತದೆ. ನೈಟ್ರಿಕ್ ಆಕ್ಸೈಡಿನ ಈ ಬಗೆಯ ಕಾರ್ಯವನ್ನು ಶೋಧಿಸಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ ೧೯೯೮ರಲ್ಲಿ ನೊಬೆಲ್ ಬಹುಮಾನ ಬಂದಿತು.

ಶುಕ್ರವೇ ಶಕ್ತಿಯೆಂಬ ಮತದಿಂದ ಒಂದು ಕೇಡು ಹುಟ್ಟಿತು. ಮೂತ್ರದಲ್ಲಿಯೋ ಸ್ವಪ್ನದಲ್ಲಿಯೋ ಧಾತು ಹೋಯಿತೆಂದು ಭಯಪಟ್ಟು ತರುಣರು ಸೊರಗತೊಡಗಿದರು. ಈ ಭಯದ ಲಕ್ಷಣಸಮುದಾಯಕ್ಕೆ ವೈದ್ಯ ಎನ್. ಎನ್. ವಿಗ್ ಅವರು ೧೯೬೦ರಲ್ಲಿ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಸ್ವಪ್ನಸ್ಖಲನವು ಸಹಜಕ್ರಿಯೆ, ಅದರಿಂದ ಉತ್ಥಾನಶಕ್ತಿ ಕುಂದುವುದಿಲ್ಲ. ಕುಂದಿಸಬಲ್ಲುದು ಆ ಭಯವೇ. ಸುಶ್ರುತನು ಹೇಳಿದ ಮಾನಸಕ್ಲೈಬ್ಯಕ್ಕೆ ಇದಕ್ಕಿಂತ ತಕ್ಕ ಉದಾಹರಣೆ ಸಿಕ್ಕದು.

೭

ಆಧುನಿಕ ಚಿಕಿತ್ಸೆಯ ಆರಂಭವೂ ವಿಂಗಡಣೆಯೇ. ನಿದ್ರೆಯಲ್ಲಿಯೂ ಬೆಳಗಿನ ಎಚ್ಚರದಲ್ಲಿಯೂ ಉತ್ಥಾನವಾಗುತ್ತಿದ್ದು ಸಂಗಾತಿಯ ಬಳಿ ಮಾತ್ರ ತಪ್ಪುವುದಾದರೆ ಕಾರಣವು ಬಹುಶಃ ಮನಸ್ಸಿನದು. ಎಲ್ಲ ವೇಳೆಯಲ್ಲಿಯೂ ಕ್ರಮಕ್ರಮವಾಗಿ ಕುಂದಿದ್ದರೆ ದೇಹದ್ದು. ದೇಹದ ಕಾರಣಗಳಲ್ಲಿ ಸಿಹಿಮೂತ್ರರೋಗ, ರಕ್ತದೊತ್ತಡ, ತಂಬಾಕು, ರಕ್ತದ ಕೊಬ್ಬು, ನರಗಳ ಹಾನಿ, ಟೆಸ್ಟೊಸ್ಟಿರೋನ್ ಕೊರತೆ, ಕೆಲವು ಔಷಧಗಳ ಅಡ್ಡಪರಿಣಾಮ ಇವು ಮುಖ್ಯ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ನಡೆದು ೧೯೯೪ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ೪೦ರಿಂದ ೭೦ ವಯಸ್ಸಿನ ಪುರುಷರಲ್ಲಿ ೫೨ ಪ್ರತಿಶತ ಜನಕ್ಕೆ ಹೆಚ್ಚೋ ಕಡಮೆಯೋ ಈ ದೋಷವಿದ್ದಿತು. ಇಷ್ಟು ಸಾಮಾನ್ಯವಾದುದನ್ನು ವ್ಯಕ್ತಿಯ ಅವಮಾನವೆಂದೆಣಿಸುವುದು ಅವಿವೇಕ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಅಂಗದ ಧಮನಿಗಳು ಒಂದೆರಡು ಮಿಲಿಮೀಟರಿನಷ್ಟು ಮಾತ್ರ ಅಗಲವಾಗಿದ್ದು ಹೃದಯದ ಧಮನಿಗಳು ಮೂರು ನಾಲ್ಕು ಮಿಲಿಮೀಟರಿನವಾದುದರಿಂದ, ರಕ್ತನಾಳಗಳ ರೋಗವು ಮೊದಲು ಇಲ್ಲಿ ತೋರುವುದುಂಟು; ಎರಡರಿಂದ ಐದು ವರ್ಷಗಳ ಬಳಿಕ ಹೃದಯದಲ್ಲಿ ಕಾಣಿಸಿಕೊಂಡ ನಿದರ್ಶನಗಳು ಬಹಳ. ಆದುದರಿಂದ ನಾಚಿಕೆಯಿಂದ ಇದನ್ನು ಮುಚ್ಚಿಟ್ಟವನು ಹೃದಯದ ಮುನ್ನೆಚ್ಚರಿಕೆಯನ್ನೇ ಮುಚ್ಚಿಟ್ಟಂತಾಗುತ್ತದೆ.

ಪ್ರತೀಕಾರಗಳಲ್ಲಿ ತಂಬಾಕನ್ನು ಬಿಡುವುದು, ವ್ಯಾಯಾಮ, ಮೈತೂಕವನ್ನು ಇಳಿಸುವುದು, ಮೂಲರೋಗದ ಹತೋಟಿ, ಮನಸ್ಸಿನ ಕಾರಣವಿದ್ದಲ್ಲಿ ದಂಪತಿಗಳಿಗೆ ಸಲಹೆ ಇವು ಮೊದಲು. ಹೃದಯಶೂಲೆಗಾಗಿ ಪರೀಕ್ಷಿಸುತ್ತಿದ್ದ ಸಿಲ್ಡೆನಾಫಿಲ್ ಎಂಬ ಗುಳಿಗೆಗೆ ೧೯೯೮ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಈ ರೋಗದ ಔಷಧವೆಂದು ಮಂಜೂರಾತಿ ದೊರೆಯಿತು. ಅದು ಕಾಮವನ್ನು ಹುಟ್ಟಿಸುವುದಿಲ್ಲ. ಪ್ರಚೋದನೆಯಿದ್ದಾಗ ರಕ್ತದ ಹರಿವಿಗೆ ನೆರವಾಗುತ್ತದೆ. ಹೃದಯಶೂಲೆಗೆ ನೈಟ್ರೇಟ್ ಸೇವಿಸುವವರು ಅದನ್ನು ತೆಗೆದುಕೊಂಡರೆ ರಕ್ತದೊತ್ತಡವು ಪ್ರಾಣಾಪಾಯವಾಗುವಷ್ಟು ಕುಸಿಯಬಹುದು. ಗುಳಿಗೆ ಫಲಿಸದಲ್ಲಿ ನಿರ್ವಾತಯಂತ್ರ, ಚುಚ್ಚುಮದ್ದು, ೧೯೭೩ರಿಂದ ಬಳಕೆಗೆ ಬಂದ ಉಬ್ಬಿಸುವ ಕೃತಕಸಾಧನ ಇವೆ. ಉತ್ಥಾನವು ನಾಲ್ಕು ಗಂಟೆಗೂ ಮಿಕ್ಕಿ ಇಳಿಯದಿದ್ದರೆ ಕೂಡಲೆ ಆಸ್ಪತ್ರೆಗೆ ಹೋಗಬೇಕು.

ನೆಗ್ಗಿಲು ನಸುಗುನ್ನಿಗಳ ಮಾತೇನು? ನಸುಗುನ್ನಿಯ ಬೀಜದಲ್ಲಿ ಎಲ್‌-ಡೋಪಾ ಎಂಬ ದ್ರವ್ಯವಿರುವುದು ನಿಜ. ನೆಗ್ಗಿಲಿನ ಫಲವು ಮಾನವಪರೀಕ್ಷೆಗಳಲ್ಲಿ ದೃಢಪಟ್ಟಿಲ್ಲ. ಗಿಡಮೂಲಿಕೆಯೆಂದು ಹೇಳಿ ಮಾರುವ ಪುಡಿಗಳಲ್ಲಿ ಸಿಲ್ಡೆನಾಫಿಲನ್ನೇ ಗುಟ್ಟಾಗಿ ಬೆರೆಸಿದ ಪ್ರಸಂಗಗಳು ಹಲವು ದೇಶಗಳಲ್ಲಿ ಹೊರಬಿದ್ದಿವೆ. ಹೃದ್ರೋಗಿಗೆ ಅಂಥ ಪುಡಿಯು ವಿಷವಾದೀತು. ಸಂಭೋಗಶಕ್ತಿಯನ್ನು ಹೆಚ್ಚಿಸುವುದೆಂಬ ಔಷಧಜಾಹೀರಾತನ್ನು ೧೯೫೪ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಶಾಸನವು ನಿಷೇಧಿಸಿದೆ. ಆದರೂ ಗೋಡೆಬರಹಗಳು ನಿಂತಿಲ್ಲ.

ಒಟ್ಟಿನ ಮೇಲೆ, ಪ್ರಾಚೀನರ ಶುಕ್ರವಾದವನ್ನು ಬಿಟ್ಟು ಅವರ ನಿದಾನಕ್ರಮವನ್ನು ಉಳಿಸಿಕೊಳ್ಳುವುದು ಯುಕ್ತ. ಕಾರಣವನ್ನು ವಿಂಗಡಿಸಿದ ಸುಶ್ರುತ, ಹೆಂಡತಿಯೊಡನೆ ಮಾತನಾಡಿದ ಕಲ್ಲರಸ, ಔಷಧದಿಂದ ಗುಣವಾದವನಿಗೆ ಪಾಲುಂಟೆಂದ ವಿಜ್ಞಾನೇಶ್ವರ, ಇವರು ಮೂವರೂ ಬೇರೆ ಬೇರೆ ದಾರಿಯಲ್ಲಿ ಹೇಳಿದುದು, ಇದು ವಿಚಾರಿಸತಕ್ಕ ಸಂಗತಿ ಎಂಬುದನ್ನೇ. ಹಳೆಯ ಕಾವ್ಯವನ್ನು ಪಾಠಹೇಳುವ ಅಧ್ಯಾಪಕರು ಕ್ಲೀಬ, ಷಂಡ, ಪೇಡಿ ಎಂಬ ಶಬ್ದಗಳು ಬಂದಾಗ ಹೇಡಿ ಎಂಬ ಒಂದೇ ಅರ್ಥ ಹೇಳಿ ಮುಂದೆ ಹೋಗದೆ, ಸಂದರ್ಭಕ್ಕೆ ತಕ್ಕ ಅರ್ಥವನ್ನು ಬಿಡಿಸಿ ಹೇಳಿದರೆ, ಕೇಳುವ ತರುಣರಲ್ಲಿ ಒಬ್ಬನಾದರೂ ನಾಳೆ ಗೋಡೆಬರಹದ ವಿಳಾಸವನ್ನು ಹುಡುಕದೆ ವೈದ್ಯನ ಬಾಗಿಲಿಗೆ ಹೋದಾನು.